ಸರಳರೇಖೆಯಿಂದ ಬಾಗುಗೆರೆ: ಶಾಲೆಯ ಹಳೆಯ ಫಲಕ ಕಲಿಸಿದ ಪಾಠ

ಸವಳಂಗ ರಸ್ತೆಯ ಕಡೆಗೆ ಮುಖಮಾಡಿಕೊಂಡು ನಮ್ಮ ಹೆಬ್ಬಾಗಿಲಿನ ಮೇಲೆ ಬಹುಕಾಲದಿಂದ ಇದ್ದ ಹೆಸರಿನ ಫಲಕವನ್ನು ನೀವು ಮರೆತಿರಲಾರಿರಿ. ನೀಲಿ ಬಣ್ಣದ ತಗಡಿನ ಮೇಲೆ ಬಿಳಿಯ ಅಕ್ಷರಗಳು; ಮೇಲಿನ ಸಾಲಿನಲ್ಲಿ ಶಾಲೆಯ ಹೆಸರು, ಕೆಳಗಿನ ಸಾಲಿನಲ್ಲಿ ‘ಸವಳಂಗ ರಸ್ತೆ, ಶಿವಮೊಗ್ಗ’ ಎಂಬ ವಿಳಾಸ. ಅದನ್ನು ಬರೆದವರು ಪೇಟೆಯ ಬೋರ್ಡು ಬರೆಯುವವರಲ್ಲ. ನಮ್ಮ ಚಿತ್ರಕಲೆಯ ಉಪಾಧ್ಯಾಯಿನಿಯವರು ನಿವೃತ್ತರಾಗುವ ವರ್ಷದಲ್ಲಿ ತಮ್ಮ ಕೈಯಿಂದಲೇ ಬರೆದರು. ಅವರು ಈಗ ನಮ್ಮೊಡನಿಲ್ಲ. ಕಳೆದ ಮಳೆಗಾಲದಲ್ಲಿ ತಗಡು ತುಕ್ಕು ಹಿಡಿದು ಅಂಚು ಕಳಚಿದ್ದರಿಂದ ಫಲಕವನ್ನು ಇಳಿಸಬೇಕಾಯಿತು.

ಹೊಸ ಫಲಕದ ಮೇಲೆಯೂ ಅವರ ಅಕ್ಷರಗಳೇ ಇರತಕ್ಕದ್ದೆಂದು ನಾವು ನಿಶ್ಚಯಿಸಿದೆವು. ಆ ಕೆಲಸವನ್ನು ಒಂಬತ್ತನೆಯ ತರಗತಿಯ ಬಾಲಿಕೆಯರು ಗಣಕಯಂತ್ರದಲ್ಲಿ ಮಾಡಿ ಮುಗಿಸಿದರು. ಅವರು ಅದನ್ನು ಮಾಡಿದ ಬಗೆಯನ್ನೂ, ಅದರೊಳಗೆ ಅಡಗಿರುವ ಸುಲಭವಾದ ಗಣಿತವನ್ನೂ ನಿಮ್ಮ ಮುಂದೆ ಇಡುವುದೇ ಈ ಲೇಖನದ ಉದ್ದೇಶವು. ಕಾಗದ, ಪೆನ್ಸಿಲು, ಅಳತೆಪಟ್ಟಿಗಳನ್ನು ಹತ್ತಿರ ಇಟ್ಟುಕೊಂಡು ಓದಿದರೆ ಹೆಚ್ಚು ಪ್ರಯೋಜನವಾದೀತು.

1. ಚುಕ್ಕೆಯ ಚಿತ್ರವೂ ಗೆರೆಯ ಚಿತ್ರವೂ

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಫಲಕವನ್ನು ಇಳಿಸಿದ ದಿನ ಅದರ ಛಾಯಾಚಿತ್ರವನ್ನು ತೆಗೆದು, ಅದನ್ನೇ ದೊಡ್ಡದು ಮಾಡಿ ಮುದ್ರಿಸಿದರೆ ಸಾಕೆಂದು ಭಾವಿಸಿದೆನು. ಮುದ್ರಿತವಾಗಿ ಬಂದ ಮಾದರಿಯಲ್ಲಿ ಅಕ್ಷರಗಳ ಅಂಚೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಒಡೆದುಹೋಗಿದ್ದಿತು. ಮುದ್ರಕರ ದೋಷ ಇದರಲ್ಲಿ ಏನೂ ಇಲ್ಲ. ಛಾಯಾಚಿತ್ರವೆಂಬುದು ಒತ್ತೊತ್ತಾಗಿ ಜೋಡಿಸಿದ ಬಣ್ಣದ ಚೌಕಗಳ ರಾಶಿ. ಎಂಬ್ರಾಯ್ಡರಿ ತರಗತಿಯಲ್ಲಿ ಚೌಕುಳಿ ಬಟ್ಟೆಯ ಮೇಲೆ ಕತ್ತರಿ ಹೊಲಿಗೆ ಹಾಕಿದವರಿಗೆ ಇದು ಬೇಗ ತಿಳಿಯುವುದು. ದೂರದಿಂದ ಗುಲಾಬಿಯ ದಳವಾಗಿ ಕಾಣುವುದು ಹತ್ತಿರದಿಂದ ನೋಡಿದರೆ ಚೌಕಗಳ ಮೆಟ್ಟಿಲೇ. ಚೌಕಗಳನ್ನು ದೊಡ್ಡದು ಮಾಡಿದರೆ ಮೆಟ್ಟಿಲುಗಳೂ ದೊಡ್ಡವಾಗುವುವು.

ಗಣಕಯಂತ್ರವು ಚಿತ್ರವನ್ನು ಇರಿಸಿಕೊಳ್ಳುವ ಎರಡನೆಯ ಬಗೆ ಬೇರೆ. ಅದರಲ್ಲಿ ಚೌಕಗಳಿಲ್ಲ, ‘ಈ ಬಿಂದುವಿನಿಂದ ಹೊರಟು, ಈ ದಿಕ್ಕಿಗೆ ಬಾಗಿ, ಆ ಬಿಂದುವನ್ನು ಸೇರು’ ಎಂಬ ಆಜ್ಞೆ ಮಾತ್ರವಿರುವುದು. ಆಜ್ಞೆಯನ್ನು ಅಂಚೆಚೀಟಿಯ ಅಳತೆಯಲ್ಲಿ ನಡೆಸಿದರೂ ಗೋಡೆಯ ಅಳತೆಯಲ್ಲಿ ನಡೆಸಿದರೂ ಗೆರೆ ನುಣುಪಾಗಿಯೇ ಬರುವುದು. ಹೀಗಾದುದರಿಂದ ಉಪಾಧ್ಯಾಯಿನಿಯವರ ಅಕ್ಷರಗಳನ್ನು ಚುಕ್ಕೆಯ ಚಿತ್ರದಿಂದ ಗೆರೆಯ ಚಿತ್ರಕ್ಕೆ ತರಬೇಕಾಯಿತು. ಅದಕ್ಕಾಗಿ ನಾವು ಬಳಸಿದ್ದು ಇಂಕ್‌ಸ್ಕೇಪ್ ಎಂಬ ತಂತ್ರಾಂಶ. 2003ರಲ್ಲಿ ಆರಂಭವಾದ ಇದನ್ನು ಯಾರು ಬೇಕಾದರೂ ಹಣ ಕೊಡದೆ ಪಡೆದುಕೊಳ್ಳಬಹುದು.

2. ಸೂಜಿದಾರದ ವಕ್ರರೇಖೆ

ಗಣಕಯಂತ್ರದ ಮುಂದೆ ಕೂರಿಸುವ ಮೊದಲು ಬಾಲಿಕೆಯರ ಕೈಗೆ ನಾನು ಸೂಜಿದಾರವನ್ನು ಕೊಟ್ಟೆನು. ಒಂದು ರಟ್ಟಿನ ಮೇಲೆ ‘ಎಲ್’ ಆಕಾರವಾಗಿ ಎರಡು ಸರಳರೇಖೆಗಳನ್ನು ಎಳೆಯಿರಿ. ಒಂದು ಅಡ್ಡ, ಒಂದು ಉದ್ದ. ಒಂದೊಂದೂ 10 ಸೆಂಟಿಮೀಟರು ಇರಲಿ. ಎರಡರ ಮೇಲೂ ಸೆಂಟಿಮೀಟರಿಗೊಂದರಂತೆ ತೂತು ಮಾಡಿರಿ. ಉದ್ದಗೆರೆಯ ತೂತುಗಳಿಗೆ ಮೇಲಿನಿಂದ ಕೆಳಕ್ಕೆ 1, 2, 3 ಎಂದು 10ರ ವರೆಗೆ ಎಣಿಕೆ ಬರೆಯಿರಿ. ಅಡ್ಡಗೆರೆಯ ತೂತುಗಳಿಗೆ ಮೂಲೆಯ ಕಡೆಯಿಂದ ಹೊರಕ್ಕೆ ಅದೇ ಎಣಿಕೆಯನ್ನು ಬರೆಯಿರಿ. ಈಗ 1ಕ್ಕೆ 1ನ್ನು, 2ಕ್ಕೆ 2ನ್ನು, ಹೀಗೆ 10ಕ್ಕೆ 10ನ್ನು ದಾರದಿಂದ ಬಿಗಿಯಾಗಿ ಸೇರಿಸಿರಿ. ಹತ್ತು ದಾರಗಳೂ ಸರಳರೇಖೆಗಳೇ. ಆದರೆ ಅವುಗಳ ಅಂಚಿನಲ್ಲಿ ಯಾರೂ ಎಳೆಯದ ಒಂದು ಸೊಗಸಾದ ಬಾಗುಗೆರೆಯು ಕಾಣಿಸಿಕೊಳ್ಳುವುದು. ಗಣಿತಜ್ಞರು ಇದನ್ನು ಪರವಲಯವೆಂದು ಕರೆಯುವರು. ಮೇಲಕ್ಕೆ ಓರೆಯಾಗಿ ಎಸೆದ ಕಲ್ಲು ಸಾಗುವ ದಾರಿಯೂ, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕಹಾಕಿದರೆ, ಇದೇ ಜಾತಿಯ ಗೆರೆ.

ಈ ಹೊಲಿಗೆಯ ಪಾಠವನ್ನು ಮಕ್ಕಳಿಗೆ ಮೊದಲು ಹೇಳಿಕೊಟ್ಟವರು ಮೇರಿ ಎವರೆಸ್ಟ್ ಬೂಲ್ ಎಂಬ ವಿದುಷಿ. ಇವರು 1832ರಲ್ಲಿ ಹುಟ್ಟಿ 1916ರಲ್ಲಿ ತೀರಿಕೊಂಡರು. ಭಾರತದ ಸರ್ವೇ ಇಲಾಖೆಯ ಮುಖ್ಯಸ್ಥರಾಗಿ, ಜಗತ್ತಿನ ಅತ್ಯುನ್ನತ ಶಿಖರಕ್ಕೆ ತಮ್ಮ ಹೆಸರನ್ನು ಪಡೆದ ಜಾರ್ಜ್ ಎವರೆಸ್ಟರು ಇವರ ದೊಡ್ಡಪ್ಪ. ಇವರ ಪತಿ ಜಾರ್ಜ್ ಬೂಲರು ತರ್ಕವನ್ನು ಗಣಿತದ ರೂಪಕ್ಕೆ ತಂದವರು. ಇಂದಿನ ಗಣಕಯಂತ್ರಗಳೆಲ್ಲವೂ ಆ ತರ್ಕದ ಮೇಲೆಯೇ ನಡೆಯುತ್ತವೆ. 1864ರಲ್ಲಿ ಪತಿಯನ್ನು ಕಳೆದುಕೊಂಡ ಮೇಲೆ ಐವರು ಹೆಣ್ಣುಮಕ್ಕಳನ್ನು ಸಾಕುವ ಭಾರವು ಮೇರಿಯವರ ಮೇಲೆ ಬಿದ್ದಿತು. ಅವರು ಲಂಡನ್ನಿನ ಒಂದು ಮಹಿಳಾ ಕಾಲೇಜಿನ ಪುಸ್ತಕಾಲಯದಲ್ಲಿ ಕೆಲಸಕ್ಕೆ ಸೇರಿ, ಮಕ್ಕಳಿಗೆ ಗಣಿತವನ್ನು ಕೈಕೆಲಸದ ಮೂಲಕ ಕಲಿಸುವ ಉಪಾಯಗಳನ್ನು ಯೋಚಿಸಿದರು. ಪತಿಯ ತರ್ಕವೂ ಪತ್ನಿಯ ದಾರವೂ ಇಂದು ಒಂದೇ ಯಂತ್ರದ ಪರದೆಯ ಮೇಲೆ ಕೂಡಿರುವುದನ್ನು ಕಂಡರೆ ಯಾರಿಗೆ ತಾನೆ ಸಂತೋಷವಾಗದು?

3. ಅರ್ಧದ ಅರ್ಧ

ಈಗ ದಾರವನ್ನು ಬಿಟ್ಟು ಪೆನ್ಸಿಲನ್ನು ಹಿಡಿಯೋಣ. ಕಾಗದದ ಮೇಲೆ ಅ, ಆ, ಇ, ಈ ಎಂಬ ನಾಲ್ಕು ಬಿಂದುಗಳನ್ನು ಇಡಿರಿ. ಅ ಎಂಬುದು ಗೆರೆಯ ಮೊದಲು, ಈ ಎಂಬುದು ಗೆರೆಯ ಕೊನೆ. ನಡುವಣ ಆ ಮತ್ತು ಇ ಬಿಂದುಗಳನ್ನು ಸ್ವಲ್ಪ ಮೇಲಕ್ಕೆ ಇಡಿರಿ. ಇವು ಗೆರೆಯನ್ನು ತಮ್ಮ ಕಡೆಗೆ ಸೆಳೆಯತಕ್ಕವು. ಅ-ಆ, ಆ-ಇ, ಇ-ಈ ಎಂದು ಮೂರು ಸರಳರೇಖೆಗಳನ್ನು ಎಳೆದು, ಒಂದೊಂದರ ಮಧ್ಯಬಿಂದುವನ್ನು ಗುರುತಿಸಿರಿ. ಆ ಮೂರು ಮಧ್ಯಬಿಂದುಗಳನ್ನು ಕ್ರಮವಾಗಿ ಸೇರಿಸಿದರೆ ಎರಡು ರೇಖೆಗಳಾಗುವುವು. ಅವುಗಳ ಮಧ್ಯಬಿಂದುಗಳನ್ನು ಸೇರಿಸಿದರೆ ಒಂದೇ ರೇಖೆ ಉಳಿಯುವುದು. ಅದರ ಮಧ್ಯಬಿಂದುವೇ ನಮಗೆ ಬೇಕಾದ ಬಾಗುಗೆರೆಯ ಮೇಲಿನ ಒಂದು ಬಿಂದು. ಆ ರೇಖೆಯೇ ಅಲ್ಲಿ ಬಾಗುಗೆರೆಯನ್ನು ಮುಟ್ಟಿಕೊಂಡು ಹೋಗುವ ಸ್ಪರ್ಶರೇಖೆ. ಅರ್ಧಕ್ಕೆ ಬದಲಾಗಿ ಕಾಲುಭಾಗ, ಮುಕ್ಕಾಲುಭಾಗಗಳನ್ನು ತೆಗೆದುಕೊಂಡು ಇದೇ ಕೆಲಸವನ್ನು ಮಾಡಿದರೆ ಇನ್ನೆರಡು ಬಿಂದುಗಳು ಸಿಕ್ಕುವುವು. ಹೀಗೆ ಬೇಕಾದಷ್ಟು ಬಿಂದುಗಳನ್ನು ಪಡೆದು ಸೇರಿಸಿದರೆ ಗೆರೆಯು ಪೂರ್ಣವಾಗುವುದು. ಗೆರೆ ಅ ಮತ್ತು ಈ ಬಿಂದುಗಳ ಮೂಲಕವೇ ಹಾಯುವುದು. ಆ ಮತ್ತು ಇ ಬಿಂದುಗಳನ್ನು ಸಾಧಾರಣವಾಗಿ ಮುಟ್ಟುವುದಿಲ್ಲ. ಅ ಬಿಂದುವಿನಿಂದ ಹೊರಡುವಾಗ ಆ ಕಡೆಗೆ ಮುಖಮಾಡಿ ಹೊರಡುವುದು. ಈ ಬಿಂದುವನ್ನು ಸೇರುವಾಗ ಇ ಕಡೆಯಿಂದ ಬಂದು ಸೇರುವುದು.

ಈ ವಿಧಾನವನ್ನು 1959ರಲ್ಲಿ ಕಂಡುಹಿಡಿದವರು ಫ್ರಾನ್ಸ್ ದೇಶದ ಸಿಟ್ರೊಯೆನ್ ಕಾರು ಕಾರ್ಖಾನೆಯಲ್ಲಿದ್ದ ಪಾಲ್ ದ ಕಾಸ್ಟೆಲ್ಜೊ ಎಂಬವರು. ಕಾರಿನ ಮೈಯ ಬಾಗನ್ನು ಅದುವರೆಗೆ ನಕ್ಷೆಗಾರರು ಕೈಯಿಂದ ಬರೆದು, ಮರದ ಮಾದರಿ ಮಾಡಿ ಒಪ್ಪಿಸುತ್ತಿದ್ದರು. ಒಬ್ಬರ ಕೈಯ ಬಾಗು ಇನ್ನೊಬ್ಬರ ಕೈಗೆ ಹಾಗೆಯೇ ದಾಟುವುದು ಕಷ್ಟವಾಗಿದ್ದಿತು. ಬಾಗನ್ನು ಅಂಕಿಗಳಲ್ಲಿ ಹೇಳಿಬಿಟ್ಟರೆ ಯಂತ್ರಕ್ಕೂ ತಿಳಿಯುವುದು, ತಪ್ಪೂ ಆಗದು. ಆದರೆ ಸಿಟ್ರೊಯೆನಿನವರು ಇದನ್ನು ಗುಟ್ಟಾಗಿಟ್ಟರು. ಇನ್ನೊಂದು ಕಾರು ಕಾರ್ಖಾನೆಯಾದ ರೆನೋದಲ್ಲಿ ಪಿಯೆರ್ ಬೆಜಿಯೆ ಎಂಬ ಇಂಜಿನಿಯರು ತಾವೇ ಬೇರೊಂದು ದಾರಿಯಿಂದ ಇದೇ ಗೆರೆಯನ್ನು ತಲುಪಿ, 1960ರ ದಶಕದಲ್ಲಿ ಪ್ರಕಟಿಸಿದರು. ಆದುದರಿಂದ ಗೆರೆಗೆ ಅವರ ಹೆಸರೇ ನಿಂತಿತು. 1984ರಲ್ಲಿ ಬಂದ ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣಭಾಷೆಯು ಅಕ್ಷರಗಳನ್ನೂ ಈ ಬೆಜಿಯೆ ಗೆರೆಗಳಿಂದಲೇ ಬರೆಯತೊಡಗಿತು. ಕಾರಿಗಾಗಿ ಹುಟ್ಟಿದ ವಿದ್ಯೆಯು ಹೀಗೆ ಅಕ್ಷರಕ್ಕೆ ಒದಗಿತು.

4. ನಮ್ಮ ಅಕ್ಷರಗಳ ದುಂಡು

ಕನ್ನಡಿಗರಿಗೆ ಈ ವಿದ್ಯೆಯು ಇತರರಿಗಿಂತ ಹೆಚ್ಚು ಬೇಕಾದದ್ದು. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಅನೇಕವು ನೆಟ್ಟ ಗೆರೆಗಳಿಂದಲೇ ಮುಗಿಯುವುವು. ನಮ್ಮಲ್ಲಾದರೋ ಬಾಗದ ಅಕ್ಷರವನ್ನು ಹುಡುಕಿದರೂ ಸಿಕ್ಕದು. ನಮ್ಮ ಶಾಲೆಯ ಮುಂದಿನ ರಸ್ತೆಯನ್ನೇ ಹಿಡಿದು ಸವಳಂಗವನ್ನು ದಾಟಿ ಶಿಕಾರಿಪುರಕ್ಕೆ ಹೋದರೆ, ಆ ತಾಲ್ಲೂಕಿನ ತಾಳಗುಂದದಲ್ಲಿ ಕದಂಬರ ಕಾಲದ ಶಿಲಾಸ್ತಂಭವೊಂದು ನಿಂತಿದೆ. ಐದನೆಯ ಶತಮಾನದ ಆ ಶಾಸನದ ಭಾಷೆ ಸಂಸ್ಕೃತವಾದರೂ, ಅದರ ಲಿಪಿಯು ನಮ್ಮ ಕನ್ನಡ ಲಿಪಿಯ ಪೂರ್ವರೂಪ. ಆ ಅಕ್ಷರಗಳ ತಲೆಯ ಮೇಲೆ ಚಿಕ್ಕ ಪೆಟ್ಟಿಗೆಯಂತಹ ಚೌಕಗಳಿವೆ, ದುಂಡು ಇಂದಿನಷ್ಟಿಲ್ಲ. ಓಲೆಗರಿಯ ಮೇಲೆ ಕಂಠದಿಂದ ನೇರಗೆರೆ ಎಳೆದರೆ ಗರಿ ಸೀಳುವುದೆಂದು ಅಕ್ಷರಗಳು ದುಂಡಾದುವೆಂಬುದಾಗಿ ಬಲ್ಲವರು ಹೇಳುವುದುಂಟು.

1843ರಲ್ಲಿ ಮಂಗಳೂರಿನಲ್ಲಿ ಹೆರ್ಮನ್ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರು ಸಮಾಚಾರ’ವು ಕಲ್ಲಚ್ಚಿನಲ್ಲಿ ಮುದ್ರಿತವಾಯಿತು, ಅಂದರೆ ಬರೆಯುವವರ ಕೈಯ ಬಾಗು ಕಲ್ಲಿನ ಮೂಲಕ ಹಾಗೆಯೇ ಕಾಗದಕ್ಕೆ ಇಳಿಯುತ್ತಿದ್ದಿತು. ಅನಂತರ ಅಚ್ಚಿನ ಮೊಳೆಗಳು ಬಂದು ಬಾಗನ್ನು ಲೋಹದಲ್ಲಿ ಹಿಡಿದವು. ಈಗ ಅದು ಅಂಕಿಗಳಲ್ಲಿ ನೆಲೆಸಿದೆ. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ಕನ್ನಡ ಅಕ್ಷರಶೈಲಿಗೆ ‘ತುಂಗಾ’ ಎಂದು ಹೆಸರು. ನಮ್ಮ ಊರಿನ ಹೊಳೆಯ ಹೆಸರನ್ನು ಹೊತ್ತ ಆ ಅಕ್ಷರಗಳನ್ನು ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದಿರುವುದು ಇದೇ ಬಾಗುಗೆರೆಗಳ ಗುಣದಿಂದ.

5. ಸೊನ್ನೆಯನ್ನು ಬರೆಯುವ ಬಗೆ

‘ಸವಳಂಗ’ ಎಂಬ ಪದದಲ್ಲಿ ಒಂದು ಸೊನ್ನೆಯುಂಟಷ್ಟೆ. ಮೊದಲು ಅದನ್ನೇ ಅಭ್ಯಾಸಕ್ಕೆ ತೆಗೆದುಕೊಂಡೆವು. ವೃತ್ತದ ಮೇಲ್ತುದಿ, ಕೆಳತುದಿ, ಎಡತುದಿ, ಬಲತುದಿ ಎಂದು ನಾಲ್ಕು ಬಿಂದುಗಳನ್ನು ಇಡಬೇಕು. ತಂತ್ರಾಂಶದಲ್ಲಿ ಒಂದೊಂದು ಬಿಂದುವಿನಿಂದಲೂ ಎರಡು ಪಕ್ಕಕ್ಕೆ ಎರಡು ಹಿಡಿಗಳು ಹೊರಡುವುವು. ಮೇಲೆ ಹೇಳಿದ ಆ ಮತ್ತು ಇ ಬಿಂದುಗಳು ಈ ಹಿಡಿಗಳ ತುದಿಗಳೇ. ಮೇಲ್ತುದಿ ಕೆಳತುದಿಗಳ ಹಿಡಿಗಳು ಅಡ್ಡವಾಗಿಯೂ, ಎಡ ಬಲ ತುದಿಗಳ ಹಿಡಿಗಳು ನೆಟ್ಟಗೂ ಇರತಕ್ಕದ್ದು. ಹಿಡಿಯ ಉದ್ದ ಎಷ್ಟು? ತ್ರಿಜ್ಯವು 100 ಮಿಲಿಮೀಟರಾದರೆ ಹಿಡಿಯು 55.23 ಮಿಲಿಮೀಟರು. ಹೆಚ್ಚಾದರೆ ಸೊನ್ನೆಯು ಉಬ್ಬಿ ಚೌಕದ ಕಡೆಗೆ ತಿರುಗುವುದು. ಕಡಿಮೆಯಾದರೆ ಬಿಂದುಗಳ ನಡುವೆ ಚಪ್ಪಟೆಯಾಗಿ ವಜ್ರದ ಆಕಾರಕ್ಕೆ ಜಾರುವುದು.

ಇಲ್ಲಿ ಒಂದು ಸ್ವಾರಸ್ಯವುಂಟು. ಹೀಗೆ ಬರೆದ ವೃತ್ತವು ಪೂರ್ಣವೃತ್ತವಲ್ಲ! ಬೆಜಿಯೆ ಗೆರೆಯಿಂದ ನಿಜವಾದ ವೃತ್ತವನ್ನು ಎಂದಿಗೂ ಬರೆಯಲಾಗದೆಂದು ಗಣಿತದಿಂದಲೇ ಸಿದ್ಧವಾಗಿದೆ. ಮೇಲಿನ ಅಳತೆಯಲ್ಲಿ ಬರುವ ವ್ಯತ್ಯಾಸವು ತ್ರಿಜ್ಯದ ಹತ್ತುಸಾವಿರದಲ್ಲಿ ಮೂರು ಪಾಲಿಗಿಂತಲೂ ಕಡಿಮೆ. ತ್ರಿಜ್ಯ ಒಂದು ಮೀಟರಾದರೂ ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚಷ್ಟೆ. ಕಣ್ಣು ಅದನ್ನು ಹಿಡಿಯಲಾರದು. ‘ಕಂಪ್ಯೂಟರು ತಪ್ಪು ಮಾಡುವುದಿಲ್ಲ’ ಎಂದು ನಂಬಿದ್ದ ಬಾಲಿಕೆಯರಿಗೆ ಇದನ್ನು ಕೇಳಿ ಆಶ್ಚರ್ಯವಾಯಿತು.

ಅಕ್ಷರಗಳಿಗೆ ಕೈ ಹಾಕುವಾಗ ನಾವು ಮೂರು ನಿಯಮಗಳನ್ನು ಹಲಗೆಯ ಮೇಲೆ ಬರೆದಿಟ್ಟೆವು. ಮೊದಲನೆಯದು: ಬಿಂದುಗಳು ಆದಷ್ಟು ಕಡಿಮೆ ಇರಲಿ. ಎರಡನೆಯದು: ಬಾಗಿನ ಮೇಲ್ತುದಿ, ಕೆಳತುದಿ, ಎಡ ಬಲ ತುದಿಗಳಲ್ಲಿ ಬಿಂದುವನ್ನು ಇಡಿರಿ. ಮೂರನೆಯದು: ಗೆರೆಯು ನುಣುಪಾಗಿ ಸಾಗಬೇಕಾದ ಬಿಂದುವಿನ ಎರಡು ಹಿಡಿಗಳೂ ಒಂದೇ ಸರಳರೇಖೆಯಲ್ಲಿರಲಿ, ಅವು ಒಂದೇ ರೇಖೆಯಲ್ಲಿಲ್ಲದಿದ್ದರೆ ಅಲ್ಲಿ ಮೂಲೆ ಮುರಿಯುವುದು.

6. ಗಕಾರದ ಕುಂದು

ತಂತ್ರಾಂಶದಲ್ಲಿ ಛಾಯಾಚಿತ್ರವನ್ನು ತಾನಾಗಿಯೇ ಗೆರೆಗೆ ತಿರುಗಿಸುವ ಒಂದು ಉಪಾಯವೂ ಉಂಟು. ಆತುರಗಾರ್ತಿಯರು ಮೊದಲು ಅದನ್ನೇ ಪ್ರಯೋಗಿಸಿದರು. ಳಕಾರದ ಸುರುಳಿಯೊಂದಕ್ಕೇ ಯಂತ್ರವು ನೂರಕ್ಕೂ ಮೇಲ್ಪಟ್ಟು ಬಿಂದುಗಳನ್ನು ಇಟ್ಟಿತು. ತುಕ್ಕಿನ ಕಲೆ, ಮಳೆಯ ಗೀರು, ಬಣ್ಣ ಎದ್ದುಹೋದ ಜಾಗ, ಎಲ್ಲವೂ ಅದಕ್ಕೆ ಅಕ್ಷರವೇ. ಯಾವುದು ಕೈಯ ಗೆರೆ, ಯಾವುದು ಕಾಲದ ಗಾಯ ಎಂಬ ವಿವೇಚನೆ ಅದಕ್ಕಿರಲಿಲ್ಲ. ಆಗ ಒಬ್ಬ ಬಾಲಿಕೆಯು ಆ ಗೆರೆಯನ್ನೆಲ್ಲ ಅಳಿಸಿ, ಛಾಯಾಚಿತ್ರವನ್ನು ಅಡಿಯಲ್ಲಿಟ್ಟುಕೊಂಡು, ಒಳ ಹೊರ ಅಂಚುಗಳಿಗೆ ಸೇರಿ 28 ಬಿಂದುಗಳಲ್ಲಿ ಅದೇ ಳಕಾರವನ್ನು ಬರೆದಳು. ಈಕೆ ಲೆಕ್ಕದಲ್ಲಿ ಮುಂದಿರುವವಳಲ್ಲ. ಆದರೆ ಪ್ರತಿದಿನ ಬೆಳಗ್ಗೆ ಮನೆಯ ಮುಂದೆ ಎಳೆರಂಗೋಲಿ ಹಾಕುವವಳು. ಗೆರೆ ಎಲ್ಲಿ ತಿರುಗಬೇಕೆಂಬುದು ಅವಳ ಬೆರಳಿಗೆ ಗೊತ್ತು.

ಮೂರನೆಯ ದಿನ ಆಕೆ ನನ್ನ ಕೊಠಡಿಗೆ ಬಂದಳು. “ಮಿಸ್, ಕೆಳಗಿನ ಸಾಲಿನ ಗ ಅಕ್ಷರದ ಕಮಾನಿನಲ್ಲಿ ಒಂದು ಕಡೆ ಹಿಡಿಗಳು ಒಂದೇ ಗೆರೆಯಲ್ಲಿ ಕೂಡುವುದೇ ಇಲ್ಲ. ಇದು ತುಕ್ಕಲ್ಲ, ಬಣ್ಣ ಸರಿಯಾಗಿಯೇ ಇದೆ. ಬರೆಯುವಾಗಲೇ ಕೈ ಜಗ್ಗಿದ ಹಾಗಿದೆ. ಸರಿಮಾಡಿಬಿಡಲೇ?” ಎಂದು ಕೇಳಿದಳು.

ನಾನು ಹೋಗಿ ನೋಡಿದೆನು. ಕಮಾನಿನ ಬಲಭುಜದ ಮೇಲೆ, ಹೇಳಿಕೊಡದಿದ್ದರೆ ಯಾರಿಗೂ ಕಾಣದಂತಹ ಒಂದು ಸಣ್ಣ ಮೂಲೆ. ಅದನ್ನು ಕಂಡೊಡನೆ ಎಷ್ಟೋ ವರ್ಷಗಳ ಹಿಂದಿನ ಒಂದು ಮಧ್ಯಾಹ್ನವು ನನ್ನ ಕಣ್ಣಮುಂದೆ ನಿಂತಿತು. ಫಲಕವನ್ನು ಗೋಡೆಗೆ ಒರಗಿಸಿ, ಉಪಾಧ್ಯಾಯಿನಿಯವರು ಸ್ಟೂಲಿನ ಮೇಲೆ ಕುಳಿತು ಬರೆಯುತ್ತಿದ್ದರು. ಬಣ್ಣದ ಡಬ್ಬಿಯನ್ನು ಹಿಡಿದು ಪಕ್ಕದಲ್ಲಿ ನಿಂತಿದ್ದ ವಿದ್ಯಾರ್ಥಿನಿ ನಾನೇ. ರಸ್ತೆಯಲ್ಲಿ ಹೋದ ಬಸ್ಸಿನ ಹಾರನ್ನಿಗೆ ಹಿಂದಿರುಗಿ ನೋಡಿದೆನು; ನನ್ನ ಕಾಲು ಸ್ಟೂಲಿಗೆ ತಗಲಿತು; ಕುಂಚವು ಜಗ್ಗಿತು. ನಾನು ಅಳುವಂತಾದೆನು. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಗಕಾರವನ್ನು ನೋಡಿ, “ಇರಲಿ ಬಿಡು ಮಗು, ಮುಂದಿನ ಅಕ್ಷರಕ್ಕೆ ಬಣ್ಣ ಕೊಡು,” ಎಂದರು. ಆ ಕುಂದನ್ನು ನಾನು ಎಂದೋ ಮರೆತಿದ್ದೆನು. ಅವರನ್ನು ಒಮ್ಮೆಯೂ ಕಾಣದ ಬಾಲಿಕೆಯೊಬ್ಬಳು ಎರಡು ಹಿಡಿಗಳು ಕೂಡದಿರುವುದನ್ನು ಗಮನಿಸಿ ಅದನ್ನು ಕಂಡುಹಿಡಿದಳು.

ಸರಿಮಾಡುವುದು ಕ್ಷಣಮಾತ್ರದ ಕೆಲಸ. ಒಂದು ಗುಂಡಿಯನ್ನು ಒತ್ತಿದರೆ ಮೂಲೆಯು ನುಣುಪಾಗುವುದು. ನಾನು ನಡೆದ ಸಂಗತಿಯನ್ನು ಹೇಳಿ, ಏನು ಮಾಡಬೇಕೆಂದು ಅವಳನ್ನೇ ಕೇಳಿದೆನು. ಅವಳು ಸ್ವಲ್ಪ ಯೋಚಿಸಿ, “ಹಾಗಾದರೆ ಇದೂ ಅವರ ಅಕ್ಷರವೇ ಅಲ್ಲವೇ, ಮಿಸ್?” ಎಂದಳು. ಮೂಲೆಯು ಹಾಗೆಯೇ ಉಳಿಯಿತು. ಸೊನ್ನೆಯ ವಿಷಯದಲ್ಲಿಯೂ ಹಾಗೆಯೇ ಆಯಿತು. ಉಪಾಧ್ಯಾಯಿನಿಯವರ ಸೊನ್ನೆಯು ವೃತ್ತವಲ್ಲ. ತುಸು ಬಲಕ್ಕೆ ವಾಲಿದ ಮೊಟ್ಟೆಯ ಆಕಾರದ್ದು. ಅಳತೆಯ ವೃತ್ತವನ್ನು ಬರೆಯಲು ಕಲಿತಿದ್ದವರು ಅದನ್ನು ಬದಿಗಿಟ್ಟು, ಹಿಡಿಗಳನ್ನು ಹಿಗ್ಗಿಸಿ ಕುಗ್ಗಿಸಿ ಆ ಮೊಟ್ಟೆಯನ್ನೇ ಬರೆದರು. ನಿಯಮವನ್ನು ಬಲ್ಲವರಿಗೆ ಮಾತ್ರ ಅದನ್ನು ಎಲ್ಲಿ ಬಿಡಬೇಕೆಂಬುದು ತಿಳಿಯುವುದು.

7. ತಂದೆತಾಯಿಗಳಲ್ಲಿ ಎರಡು ಮಾತು

ಈ ಕೆಲಸ ನಡೆಯುತ್ತಿರುವಾಗ ಒಬ್ಬ ತಾಯಿಯವರು ಬಂದು, “ಇದು ಪರೀಕ್ಷೆಗೆ ಬರುತ್ತದೆಯೇ ಮೇಡಂ?” ಎಂದು ಕೇಳಿದರು. ಅವರ ಚಿಂತೆ ನ್ಯಾಯವಾದದ್ದೇ. ಇದಕ್ಕೆ ನನ್ನ ಉತ್ತರವೇನೆಂದರೆ, ಫಲಕ ಬರೆಯುವುದು ಪರೀಕ್ಷೆಗೆ ಬಾರದು. ಆದರೆ ಹತ್ತನೆಯ ತರಗತಿಯ ಗಣಿತದಲ್ಲಿ ನಿರ್ದೇಶಾಂಕ ರೇಖಾಗಣಿತವೆಂಬ ಅಧ್ಯಾಯವುಂಟು. ರೇಖೆಯೊಂದರ ಮಧ್ಯಬಿಂದುವನ್ನೂ, ಅದನ್ನು ಕೊಟ್ಟ ಅನುಪಾತದಲ್ಲಿ ಭಾಗಿಸುವ ಬಿಂದುವನ್ನೂ ಕಂಡುಹಿಡಿಯುವುದನ್ನು ಅಲ್ಲಿ ಕಲಿಸುತ್ತೇವೆ. ಕಾಸ್ಟೆಲ್ಜೊ ಅವರ ವಿಧಾನವು ಅದೇ ಸೂತ್ರವನ್ನು ಮತ್ತೆ ಮತ್ತೆ ಬಳಸುವುದಲ್ಲದೆ ಬೇರೆಯಲ್ಲ. ಸೂತ್ರವನ್ನು ಬಾಯಿಪಾಠ ಮಾಡಿದವಳು ಪರೀಕ್ಷೆಯಾದ ಮೇಲೆ ಮರೆಯುವಳು. ಅದರಿಂದ ಒಂದು ಗಕಾರವನ್ನು ಬರೆದವಳು ಮರೆಯಲಾರಳು. ಇದೇ ರಸ್ತೆಯಲ್ಲಿ ನವುಲೆಯ ಬಳಿ 1980ರಲ್ಲಿ ಸ್ಥಾಪಿತವಾದ ಇಂಜಿನಿಯರಿಂಗ್ ಕಾಲೇಜು ಇದೆ. ಅಂತಹ ಕಾಲೇಜುಗಳಲ್ಲಿ ಯಂತ್ರಭಾಗಗಳ ನಕ್ಷೆ ಬರೆಯುವವರಿಗೂ, ಪೇಟೆಯಲ್ಲಿ ಲಗ್ನಪತ್ರಿಕೆ ಸಿದ್ಧಪಡಿಸುವವರಿಗೂ, ರವಿಕೆಯ ಕೊರಳಿನ ಮಾದರಿ ಕತ್ತರಿಸುವವರಿಗೂ ಈ ಒಂದೇ ಬಾಗುಗೆರೆಯು ಬೇಕಾಗಿದೆ.

ಇನ್ನೊಂದು ಮಾತು. ಮಗಳು ಗಣಕಯಂತ್ರವನ್ನು ಕಲಿತಳೆಂದು ರಂಗೋಲಿಯ ಪುಸ್ತಕವನ್ನೂ ಹೊಲಿಗೆಯ ಪೆಟ್ಟಿಗೆಯನ್ನೂ ಅಟ್ಟಕ್ಕೆ ಹಾಕದಿರಿ. ಬಿಂದುವನ್ನು ಎಲ್ಲಿ ಇಡಬೇಕೆಂಬುದನ್ನು ಯಂತ್ರವು ಹೇಳಿಕೊಡಲಿಲ್ಲ. ಅಂಗಳದಲ್ಲಿ ಬಗ್ಗಿ ಗೆರೆ ಎಳೆದ ಕೈಯೇ ಅದನ್ನು ತಿಳಿಸಿತು. ಹಾಗೆಯೇ, ಕೈಕೆಲಸ ಬಲ್ಲ ಹುಡುಗಿಗೆ ಗಣಿತ ಹತ್ತದೆಂದು ತೀರ್ಮಾನ ಮಾಡಬೇಡಿರಿ. ಅವಳ ಬೆರಳಿನಲ್ಲಿರುವ ಗಣಿತವನ್ನು ಅವಳ ಬಾಯಿಗೆ ತರುವ ಭಾರವು ಉಪಾಧ್ಯಾಯಿನಿಯರಾದ ನಮ್ಮದು.

ಹೊಸ ಫಲಕವು ಈಗ ಹೆಬ್ಬಾಗಿಲಿನ ಮೇಲಿದೆ. ಹಳೆಯ ವಿದ್ಯಾರ್ಥಿನಿಯರು ಈ ಕಡೆಗೆ ಬಂದಾಗ ರಸ್ತೆಯ ಆಚೆ ಬದಿಯಲ್ಲಿ ಒಂದು ನಿಮಿಷ ನಿಂತು ನೋಡಬೇಕೆಂದು ಪ್ರಾರ್ಥನೆ. ಕೆಳಗಿನ ಸಾಲಿನಲ್ಲಿ, ಸೊನ್ನೆಯ ಮುಂದಿನ ಗಕಾರದ ಬಲಭುಜವನ್ನು ಗಮನಿಸಿರಿ. ಅಲ್ಲಿರುವ ಮೂಲೆಯು ನನ್ನ ಕಾಲಿನಿಂದ ಆದದ್ದು. ಅದನ್ನು ಕ್ಷಮಿಸಿದವರ ಕೈ ಅದರ ಮುಂದಿನ ಅಕ್ಷರದಲ್ಲಿ ನೆಟ್ಟಗೆ ಸಾಗಿದೆ.